ಬಡವರ ಮನೆಯ ಮೂಕಪ್ರಾಣಿಗೂ ಮದ್ದು ಬೇಕು

ಕಳೆದ ತಿಂಗಳು ಅಕ್ಕಿ ಗಿರಣಿಯ ಹಮಾಲರೊಬ್ಬರು ನಮ್ಮ ಕಚೇರಿಯ ಕಟ್ಟೆಯ ಮೇಲೆ ಬಂದು ಕುಳಿತರು. ಕೂಲಿಯ ತಕರಾರು ಇರಬೇಕೆಂದು ನಾವು ಭಾವಿಸಿದೆವು. ಅದಲ್ಲ, ಅವರ ಮನೆಯ ನಾಯಿ ಸತ್ತಿತ್ತು. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋದಾಗ ಎರಡು ಮಕ್ಕಳಿಗೂ ತಗಡಿನ ಬಾಗಿಲಿಗೂ ಅದೊಂದೇ ಕಾವಲು. ಅದಕ್ಕೆ ವಾಂತಿ, ರಕ್ತಭೇದಿ ಹತ್ತಿತು. ಪಾಳಿ ಮುಗಿಸಿ, ಗೋಣಿಯಲ್ಲಿ ಸುತ್ತಿ ಹೊತ್ತುಕೊಂಡು ಹೋಗುವ ಹೊತ್ತಿಗೆ ಪಶು ಆಸ್ಪತ್ರೆಯ ಬಾಗಿಲು ಹಾಕಿತ್ತು. ಖಾಸಗಿ ವೈದ್ಯರು ಮೂರು ದಿನ ಗ್ಲೂಕೋಸ್ ಏರಿಸಬೇಕೆಂದರು. ಅವರು ಹೇಳಿದ ಲೆಕ್ಕ ಒಂದು ವಾರದ ಕೂಲಿಯನ್ನು ಮೀರಿತ್ತು. ವೈದ್ಯರನ್ನು ನಾವು ದೂರುವುದಿಲ್ಲ. ಅವರೂ ಬಾಡಿಗೆ ಕಟ್ಟಬೇಕು, ಔಷಧಿ ಕೊಂಡು ತರಬೇಕು. “ಮಗಳು ಎರಡು ದಿನದಿಂದ ಅನ್ನ ಮುಟ್ಟಿಲ್ಲ ಸ್ವಾಮಿ” ಎಂದಷ್ಟೇ ಹೇಳಿ ಆ ಹಮಾಲರು ಎದ್ದು ಹೋದರು.

ಹೊಟ್ಟೆಗೇ ಸಾಲದವನಿಗೆ ನಾಯಿ ಏಕೆ, ಬೆಕ್ಕು ಏಕೆ ಎಂದು ಕೇಳುವ ಮಹಾಶಯರು ಊರಿನಲ್ಲಿ ಇಲ್ಲದಿಲ್ಲ. ಅವರಿಗೆ ನಮ್ಮ ಉತ್ತರ ಇಷ್ಟೇ. ಕೂಲಿಯವನ ಮನೆಗೆ ಗೂರ್ಖಾ ಕಾವಲುಗಾರ ಬರುವುದಿಲ್ಲ, ನಾಯಿಯೇ ಕಾವಲು. ಕಿರಾಣಿ ಅಂಗಡಿಯ ಬೇಳೆಯ ಮೂಟೆಯನ್ನು ಇಲಿಯಿಂದ ಉಳಿಸುವುದು ಬೆಕ್ಕು. ಗಿರಣಿಯ ಹಟ್ಟಿಯ ಹೆಂಗಸರು ಕಟ್ಟಿದ ಎರಡು ಮೇಕೆ ಅವರ ಬ್ಯಾಂಕಿನ ಠೇವಣಿ. ಮಗಳ ಹೆರಿಗೆಗೂ ಮಗನ ಶಾಲೆಯ ಫೀಜಿಗೂ ಅದೇ ಒದಗುವುದು. ಲೆಕ್ಕವನ್ನೆಲ್ಲ ಬದಿಗಿಟ್ಟರೂ, ಒಂದು ಜೀವವನ್ನು ಪ್ರೀತಿಯಿಂದ ಸಾಕುವ ಹಕ್ಕು ಉಳ್ಳವರಿಗೆ ಮಾತ್ರ ಮೀಸಲೆಂದು ಯಾವ ಶಾಸನದಲ್ಲಿ ಬರೆದಿದೆ?

ಶಾಸನ ಹೇಳುವುದು ಬೇರೆಯೇ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಪ್ರಾಣಿಯ ಯೋಗಕ್ಷೇಮ ಸಾಕಿದವನ ಕರ್ತವ್ಯ. 1976ರ ತಿದ್ದುಪಡಿಯಿಂದ ಜೀವಿಗಳಲ್ಲಿ ದಯೆ ತೋರುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಂವಿಧಾನದಲ್ಲಿಯೇ ಸೇರಿತು. ಸಾಕುಪ್ರಾಣಿಗೆ ಲಸಿಕೆ ಹಾಕಿಸುವುದು, ಜಂತುಹುಳದ ಮದ್ದು ಕೊಡುವುದು, ಸಂತಾನಹರಣ ಮಾಡಿಸುವುದು ಸಾಕಿದವನದೇ ಹೊಣೆಯೆಂದು 2023ರ ನಿಯಮಗಳು ಹೇಳುತ್ತವೆ. ಒಳ್ಳೆಯದು, ನಾವು ಒಪ್ಪುತ್ತೇವೆ. ಆದರೆ ಕರ್ತವ್ಯವನ್ನು ಬಡವನ ತಲೆಯ ಮೇಲೆ ಹೊರಿಸಿ, ಅದನ್ನು ನೆರವೇರಿಸುವ ಸಾಧನವನ್ನು ಪೇಟೆಯ ದರಕ್ಕೆ ಬಿಟ್ಟರೆ ಅದು ನ್ಯಾಯವೇ? ಕೈಗೆ ಎಟುಕದ ಕರ್ತವ್ಯ ಕೊನೆಗೆ ದಂಡವಾಗುತ್ತದೆ.

ಇದು ಬರಿಯ ದಯೆಯ ಪ್ರಶ್ನೆಯೂ ಅಲ್ಲ. ಹುಚ್ಚುನಾಯಿ ರೋಗದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆಂದು ಅಂದಾಜು. ಅವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜನ ಭಾರತದವರು. ನೂರಕ್ಕೆ 99 ಪ್ರಸಂಗಗಳಲ್ಲಿ ಈ ರೋಗ ಮನುಷ್ಯನಿಗೆ ತಗಲುವುದು ನಾಯಿಯಿಂದಲೇ. ರೋಗದ ಲಕ್ಷಣ ಕಂಡ ಮೇಲೆ ಬದುಕುವ ಆಸೆಯೇ ಇಲ್ಲವೆನ್ನಬೇಕು. ಆದರೆ ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕಾದರೂ ಬಿಡದೆ ಲಸಿಕೆ ಹಾಕಿದರೆ ಅವುಗಳ ನಡುವೆ ರೋಗ ಹಬ್ಬುವುದು ನಿಲ್ಲುತ್ತದೆ. ಕಚ್ಚಿಸಿಕೊಂಡ ಕೂಲಿಕಾರನಿಗೆ ಸರಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಸಿಕ್ಕರೂ ನಾಲ್ಕೈದು ಸಲ ಹೋಗಬೇಕು. ಹೋದ ದಿನದ ಕೂಲಿ ಹೋಯಿತು. ನಾಯಿಗೆ ವರ್ಷಕ್ಕೊಂದು ಲಸಿಕೆ ಹಾಕಿದ್ದರೆ ಇಷ್ಟೆಲ್ಲ ಬೇಕಿತ್ತೇ? ರೋಗ ಹಟ್ಟಿಯಲ್ಲಿ ಇದೆ, ಬಂಗಲೆಗೆ ಬಾರದು ಎಂದು ಯಾರೂ ನೆಮ್ಮದಿಯಿಂದ ಮಲಗಬೇಕಾಗಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ?

ಸರಕಾರದ ಕೈಯಿಂದ ಇದು ಆಗದ ಕೆಲಸವೆಂದು ಹೇಳುವವರಿಗೆ ದನಗಳ ದೊಡ್ಡರೋಗದ ಕಥೆಯನ್ನು ನೆನಪಿಸುತ್ತೇವೆ. ಒಂದು ಕಾಲಕ್ಕೆ ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿದ್ದ ರೋಗ ಅದು. ಅದನ್ನು ತಡೆಯಲೆಂದು 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಸಂಸ್ಥೆ ಹುಟ್ಟಿತು. 1954ರಲ್ಲಿ ದೇಶದ ಉದ್ದಗಲಕ್ಕೂ ಲಸಿಕೆಯ ಕಾರ್ಯಕ್ರಮ ಆರಂಭವಾಯಿತು. 2006ರಲ್ಲಿ ಭಾರತವೂ 2011ರಲ್ಲಿ ಇಡೀ ಜಗತ್ತೂ ಆ ರೋಗದಿಂದ ಮುಕ್ತವಾದವು. ಕೊಂಡುಕೊಳ್ಳಬಲ್ಲವರಿಗೆ ಮಾತ್ರ ಲಸಿಕೆ ಎಂದಿದ್ದರೆ ದೊಡ್ಡರೋಗ ಇಂದಿಗೂ ಇರುತ್ತಿತ್ತು. 2019ರಿಂದ ಕಾಲುಬಾಯಿ ರೋಗಕ್ಕೂ ಸರಕಾರದ ವೆಚ್ಚದಲ್ಲಿಯೇ ಲಸಿಕೆ ನಡೆದಿದೆ. 1962 ಸಂಖ್ಯೆಗೆ ಕರೆ ಮಾಡಿದರೆ ಜಾನುವಾರು ಸಾಕಿದವರ ಬಾಗಿಲಿಗೆ ಸಂಚಾರಿ ಚಿಕಿತ್ಸಾ ವಾಹನ ಬರುವ ಏರ್ಪಾಡು ಆಗಿದೆ. ಹಾಲು ಕೊಡುವ ಪ್ರಾಣಿಗೆ ಆದದ್ದು ಕಾವಲು ಕಾಯುವ ಪ್ರಾಣಿಗೆ ಏಕಾಗಬಾರದು?

ಇನ್ನೊಂದು ಉದಾಹರಣೆ ದೂರದ್ದು, ಆದರೆ ಕೂಲಿಕಾರರದೇ. 1917ರಲ್ಲಿ, ಮಹಾಯುದ್ಧದ ನಡುವೆ, ಲಂಡನ್ನಿನ ಬಡವರ ಬೀದಿಗಳಿದ್ದ ವೈಟ್‌ಚಾಪಲ್‌ನಲ್ಲಿ ಮರಿಯಾ ಡಿಕಿನ್ ಎಂಬ ಮಹಿಳೆ ಒಂದು ನೆಲಮಾಳಿಗೆಯಲ್ಲಿ ಬಡವರ ಪ್ರಾಣಿಗಳಿಗೆ ಉಚಿತ ಚಿಕಿತ್ಸೆ ತೆರೆದರು. ಅದೇ ಬೆಳೆದು, ವರಮಾನ ಕಡಿಮೆ ಇರುವವರಿಗಾಗಿ ಅನೇಕ ಆಸ್ಪತ್ರೆಗಳನ್ನು ನಡೆಸುವ ಸಂಸ್ಥೆಯಾಗಿ ಇಂದಿಗೂ ನಿಂತಿದೆ. ದಾನದಿಂದ ಅಷ್ಟು ಆಗುವುದಾದರೆ, ಕಟ್ಟಡವೂ ವೈದ್ಯರೂ ಇಲಾಖೆಯೂ ಇರುವ ನಮ್ಮಲ್ಲಿ ಎಷ್ಟು ಆಗಬಾರದು?

ಆದುದರಿಂದ ನಮ್ಮ ಬೇಡಿಕೆಗಳು ಇವು.

ಒಂದು: ಜಿಲ್ಲಾ ಪಶು ಆಸ್ಪತ್ರೆ ವಾರಕ್ಕೆ ಎರಡು ದಿನವಾದರೂ ಪಾಳಿ ಬಿಟ್ಟ ಮೇಲೆ, ಸಂಜೆ ತೆರೆದಿರಲಿ. ಗಿರಣಿಯ ಗಂಟೆಯೂ ಆಸ್ಪತ್ರೆಯ ಗಂಟೆಯೂ ಒಂದೇ ಆದರೆ ಆ ಆಸ್ಪತ್ರೆ ಯಾರಿಗಾಗಿ?

ಎರಡು: ಹುಚ್ಚುನಾಯಿ ರೋಗದ ಲಸಿಕೆ ವರ್ಷವಿಡೀ ಉಚಿತವಾಗಿ ಸಿಗಲಿ. ಸೆಪ್ಟೆಂಬರ್ 28ರಂದು ಶಿಬಿರ ಹೂಡಿ, ಫೋಟೋ ತೆಗೆಸಿಕೊಂಡು, ಉಳಿದ ದಿನಗಳಲ್ಲಿ ಕೈಚೆಲ್ಲುವುದು ಸಾಲದು.

ಮೂರು: ಪಡಿತರ ಚೀಟಿ ತೋರಿಸಿದವರ ನಾಯಿ, ಬೆಕ್ಕುಗಳಿಗೆ ಸಂತಾನಹರಣ ಚಿಕಿತ್ಸೆ ಖರ್ಚಿಲ್ಲದೆ ಆಗಲಿ. ಔಷಧಿಯನ್ನು ಹೊರಗಿನ ಅಂಗಡಿಗೆ ಬರೆದುಕೊಡುವುದು ನಿಲ್ಲಲಿ.

ನಾಲ್ಕು: ಯಾವ ಚಿಕಿತ್ಸೆಗೆ ಎಷ್ಟು ಶುಲ್ಕ ಎಂಬ ಹಲಗೆ ಆಸ್ಪತ್ರೆಯ ಬಾಗಿಲಲ್ಲಿ, ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ ಇರಲಿ.

ಐದು: ಖಾಲಿ ಬಿದ್ದಿರುವ ಪಶುವೈದ್ಯರ ಹುದ್ದೆಗಳು ತುಂಬಲಿ. 5,000 ಜಾನುವಾರುಗಳಿಗೆ ಒಬ್ಬ ವೈದ್ಯರಿರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲಿಯೇ ಹೇಳಿತ್ತು. ಆ ಲೆಕ್ಕದಲ್ಲಿ ನಾಯಿ, ಬೆಕ್ಕುಗಳು ಸೇರಿಯೇ ಇರಲಿಲ್ಲ.

ಸರಕಾರಕ್ಕೆ ಹೇಳಿದ ಮೇಲೆ ನಮ್ಮವರಿಗೂ ಎರಡು ಮಾತು ಹೇಳದಿದ್ದರೆ ಅದು ಅಪ್ರಾಮಾಣಿಕತೆ. ಈದ ಮರಿಗಳನ್ನು ರಾತ್ರಿ ಚೀಲದಲ್ಲಿ ತುಂಬಿ ಪಕ್ಕದ ಓಣಿಯಲ್ಲಿ ಬಿಟ್ಟು ಬರುವವರು ನಮ್ಮಲ್ಲಿಯೂ ಇದ್ದಾರೆ. ಇಂದು ಬಿಟ್ಟ ಮರಿಯೇ ನಾಳೆಯ ಬೀದಿನಾಯಿ. ಅದು ಕಚ್ಚುವುದು ನಮ್ಮ ಮಕ್ಕಳನ್ನೇ. ಕಚ್ಚಿದ ಗಾಯಕ್ಕೆ ಸುಣ್ಣ, ಕಾರದಪುಡಿ ಮೆತ್ತಿ ಸುಮ್ಮನಿರುವುದೂ ಬೇಡ. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿರಿ. ಕಾರ್ಮಿಕ ಸಂಘವೂ ವರ್ತಕರ ಸಂಘವೂ ಕೂಡಿ ಪ್ರತಿ ವಾರ್ಡಿನ ಸಾಕುಪ್ರಾಣಿಗಳ ಪಟ್ಟಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಆ ಪಟ್ಟಿಯನ್ನು ಹಿಡಿದು ಆಸ್ಪತ್ರೆಯ ಬಾಗಿಲಿಗೂ ನಗರಸಭೆಯ ಬಾಗಿಲಿಗೂ ನಾವು ಜೊತೆಯಲ್ಲಿ ಹೋಗೋಣ.

ಮೂಕಪ್ರಾಣಿ ಅರ್ಜಿ ಬರೆಯಲಾರದು, ಮತ ಹಾಕಲಾರದು. ಅದರ ಪರವಾಗಿ ಬಾಯಿ ಬಿಡಬೇಕಾದವರು ಅದರ ಜೊತೆಯಲ್ಲಿ ಒಂದೇ ಸೂರಿನಡಿ ಬದುಕುವ ನಾವೇ. ಹಮಾಲರ ಮಗಳು ಇನ್ನೊಂದು ಮರಿಯನ್ನು ತಂದು ಸಾಕುವಳು. ಮಕ್ಕಳ ಮನಸ್ಸೇ ಹಾಗೆ. ಆ ಮರಿಗೆ ಜ್ವರ ಬಂದ ಸಂಜೆ ಆಸ್ಪತ್ರೆಯ ದೀಪ ಉರಿಯುತ್ತಿರಬೇಕು. ನಾವು ಕೇಳುವುದು ಇದಕ್ಕಿಂತ ಹೆಚ್ಚೇನಲ್ಲ. ಇದಕ್ಕಿಂತ ಕಡಿಮೆಗೆ ಒಪ್ಪುವುದೂ ಇಲ್ಲ.