ಗೋಡೆಯ ಗಡಿಯಾರದ ರಾಹು

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಸುಶಿಕ್ಷಿತ ಮನೆತನಗಳಲ್ಲಿ ಸಹ ಸೋಮವಾರ ಬೆಳಿಗ್ಗೆ ೭-೩೦ರಿಂದ ೯ರ ವರೆಗೆ ಶುಭಕಾರ್ಯಕ್ಕೆ ಅನೇಕರು ಕೈ ಹಚ್ಚರು, ಅದು ರಾಹುಕಾಲವಂತೆ. ಈ ತಾಸುಗಳನ್ನು ವಿಧಿಸಿದವರಾರು? ಶಾಸ್ತ್ರಕಾರರಂತೂ ಅಲ್ಲ. ಅವರ ಲೆಕ್ಕದಲ್ಲಿ ಆಯಾ ಊರಿನ ಉದಯದಿಂದ ಅಸ್ತದ ವರೆಗಿನ ದಿನಮಾನವನ್ನು ಎಂಟು ಪಾಲು ಮಾಡಬೇಕು. ಸೋಮವಾರ ಎರಡನೆಯ ಪಾಲು ರಾಹುವಿನದು. ಆರಕ್ಕೆ ಉದಯ, ಆರಕ್ಕೆ ಅಸ್ತವೆಂದು ಹಿಡಿದು ಮಾಡಿದ ಸ್ಥೂಲವಾದ ಪಟ್ಟಿಯೇ ಕ್ಯಾಲೆಂಡರಿನ ಮೂಲೆಯಲ್ಲಿ ಅಚ್ಚಾಗಿ ವೇದವಾಕ್ಯವಾಗಿದೆ.

೧೯೦೬ರಿಂದ ರೂಢಿಗೆ ಬಂದ ಭಾರತೀಯ ಪ್ರಮಾಣಸಮಯವು ೮೨½ ಅಂಶದ ರೇಖಾಂಶದ್ದು. ಹಾವೇರಿಯು ಅದರಿಂದ ಸುಮಾರು ಏಳು ಅಂಶ ಪಶ್ಚಿಮಕ್ಕಿದೆ. ಅಂಶಕ್ಕೆ ೪ ನಿಮಿಷದಂತೆ ನಮ್ಮ ಗಡಿಯಾರವು ಊರಿನ ಸರಾಸರಿ ಸೌರಸಮಯಕ್ಕಿಂತ ೨೮ ನಿಮಿಷ ಮುಂದೆ ಓಡುತ್ತದೆ. ಜನವರಿಯ ಕೊನೆಗೆ ಇಲ್ಲಿ ಉದಯವಾಗುವುದೇ ಏಳರ ಸುಮಾರಿಗೆ. ಆಗಿನ ಸೋಮವಾರದ ಎರಡನೆಯ ಪಾಲು ಸುಮಾರು ೮-೨೫ರಿಂದ ೯-೫೦ರ ವರೆಗೆ ಬೀಳುತ್ತದೆ. ಒಂಬತ್ತರ ವರೆಗೆ ಭಕ್ತಿಯಿಂದ ಕಾದು ಕುಳಿತ ಮಹನೀಯರು ನಟ್ಟನಡುವಿನ ರಾಹುಕಾಲದಲ್ಲಿಯೇ ಕಾರ್ಯಾರಂಭ ಮಾಡುತ್ತಾರೆ!

ನಗೆಯ ಮಾತಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಬೇನೆ ತಿನ್ನುವ ಮಗಳನ್ನು ‘ಒಂಬತ್ತು ಹೊಡೆಯಲಿ’ ಎಂದು ಹೊಸ್ತಿಲಲ್ಲಿ ತಡೆಯುವ ಹಿರಿಯರು ಯಾವ ಶಾಸ್ತ್ರವನ್ನು ಪಾಲಿಸಿದಂತಾಯಿತು? ನಂಬುವವರು ದಿನಮಾನವನ್ನು ಭಾಗಿಸಲಿ. ಆ ಶ್ರಮ ಬೇಡವಾದರೆ ರಾಹುವನ್ನೂ ಬಿಡಲಿ. ಯುಗಾದಿಗೆ ಪಂಚಾಂಗ ಕೊಳ್ಳುವಾಗ ಅದು ಯಾವ ಊರಿನ ಉದಯಕ್ಕೆ ಗಣಿಸಿದ್ದೆಂದು ಅಂಗಡಿಯಲ್ಲಿಯೇ ಕೇಳತಕ್ಕದ್ದು.