ಕ್ಯಾಸೆಟ್ಟಿನ ಜೊತೆ ಗುಂಯ್ ಅನ್ನುವುದು ಯಾರು?

ಮಕ್ಕಳೇ, ಊರಿನಿಂದ ತಂದ ಹಳೇ ಕ್ಯಾಸೆಟ್ಟಿನಲ್ಲಿ ಅಜ್ಜಿ ಹೇಳಿದ ಹಾಡು ಇದೆಯೇ? ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ತಂತಿ ಹಾಕಿ ಅದನ್ನು ಉಳಿಸಿಕೊಳ್ಳಬಹುದು. ಆದರೆ ಅಜ್ಜಿಯ ದನಿಯ ಹಿಂದೆ ಜೇನುಗೂಡಿನಂತೆ ಗುಂಯ್ ಎಂದು ಕೇಳಿಸಿದರೆ?

ಟೇಪ್ ನಿಲ್ಲಿಸಿ, ರೆಕಾರ್ಡಿಂಗ್ ಮಾತ್ರ ನಡೆಯಲಿ. ಸದ್ದು ಹೋಯಿತೇ? ಹಾಗಾದರೆ ಅದು ಟೇಪಿನದು, ಇಲ್ಲವೇ ಅದರ ಮೋಟಾರಿನದು. ಇನ್ನೂ ಇದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ. ಥಟ್ಟನೆ ನಿಂತರೆ ಕಳ್ಳ ಸಿಕ್ಕಿದ! ಎರಡೂ ಯಂತ್ರಗಳ ಅರ್ತಿಂಗ್ ತಂತಿಗಳು ನಡುವಿನ ಆಡಿಯೋ ತಂತಿಯ ಜೊತೆ ಸೇರಿ ಒಂದು ಸುತ್ತಾದಾಗ, ಮನೆಯ ಕರೆಂಟಿನ ಕಂಪನ ಅದರೊಳಗೆ ನುಸುಳುತ್ತದೆ. ಇಲ್ಲಿ ಅಮೆರಿಕದಲ್ಲಿ ಅದು ಸೆಕೆಂಡಿಗೆ 60 ಸಲ, ಊರಿನಲ್ಲಿ 50. ಅಂದರೆ ಇಲ್ಲಿನ ಗುಂಯ್ ಸ್ವಲ್ಪ ಏರುಶ್ರುತಿಯದು! ಎರಡನ್ನೂ ಒಂದೇ ಪವರ್ ಸ್ಟ್ರಿಪ್ಪಿಗೆ ಹಾಕಿ. ಅಷ್ಟಕ್ಕೂ ಬಗ್ಗದಿದ್ದರೆ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಪಾಲಕರೇ, ಪ್ಲಗ್ಗಿನ ಮೂರನೇ ಪಿನ್ ಮುರಿಯಿರಿ ಎಂದು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಅದಿರುವುದು ಶಾಕ್‌ನಿಂದ ಜೀವ ಕಾಯಲು.

ಗುಂಯ್ ಅಲ್ಲ, ಬರೀ ಸುಸ್ಸ್ ಎನ್ನುತ್ತಿದೆಯೇ? ತಂತಿ ಗುಲಾಬಿ ಬಣ್ಣದ ತೂತಿನಲ್ಲಿರಬಹುದು. ಅದು ಮೈಕಿನದು, ಸಣ್ಣ ಸದ್ದನ್ನೂ ಬಹಳ ಹಿಗ್ಗಿಸುತ್ತದೆ. ಟೇಪಿಗೆ ಬೇಕಾದ್ದು ತಿಳಿನೀಲಿಯ ಲೈನ್-ಇನ್. ಲ್ಯಾಪ್‌ಟಾಪಿನಲ್ಲಿ ಅದು ಅಪರೂಪ. ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳುವುದೇ ಮೇಲು.

ಆಮೇಲೆ ಸಾಫ್ಟ್‌ವೇರಿನಲ್ಲಿ ತೊಳೆದರಾಯಿತು ಎನ್ನಬೇಡಿ, ಗದ್ದಲದ ಜೊತೆ ಅಜ್ಜಿಯ ಉಸಿರೂ ಹೋದೀತು. ಹಳೇ ಟೇಪ್ ಇನ್ನೆಷ್ಟು ಸಲ ಓಡುತ್ತದೋ, ಈ ಪರೀಕ್ಷೆಗಳನ್ನೆಲ್ಲ ಬೇರೆ ಕ್ಯಾಸೆಟ್ ಹಾಕಿಯೇ ಮಾಡಿ.