ಕಾವೇರಿ ಕುಡಿದವರ ಋಣ

ಬೆಂಗಳೂರಿನಲ್ಲಿ ನಾವು ಕುಡಿಯುವ ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಶನಿವಾರ ಬಂತೆಂದರೆ ನಮ್ಮ ಹುಡುಗರು ಬೈಕು ಹತ್ತಿ ಓಡುವುದೂ ಕೊಡಗಿಗೇ. ರಾಜಾಸೀಟಿನಲ್ಲಿ ಫೋಟೋ, ಅಬ್ಬಿ ಜಲಪಾತದೆದುರು ಕೇಕೆ, ರಾತ್ರಿ ಪಂದಿಕರಿ. ಸೋಮವಾರ ಎಲ್ಲಾ ಮರೆತಾಯಿತು! ಆ ಕೊಡಗಿಗೆ ನಮ್ಮ ಋಣವೇನೂ ಇಲ್ಲವೇ?

2018ರ ಆಗಸ್ಟ್ ನೆನಪಿಸಿಕೊಳ್ಳಿ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. ತೋಟ, ಗದ್ದೆ, ಮನೆ ಮಣ್ಣುಪಾಲಾದವು. ಪ್ರಾಣಗಳೂ ಹೋದವು. ಆ ದಿನಗಳಲ್ಲಿ ಒಂದು ವಿಡಿಯೋ ಎಲ್ಲರ ಕೈಯಲ್ಲಿ ಓಡಾಡಿತು. ಇನ್ಫೋಸಿಸ್ ಪ್ರತಿಷ್ಠಾನದ ಅಧ್ಯಕ್ಷೆಯಾಗಿದ್ದ ಸುಧಾ ಮೂರ್ತಿ ಪರಿಹಾರ ಸಾಮಗ್ರಿಗಳ ರಾಶಿಯ ನಡುವೆ ತಾವೇ ನಿಂತು ಮೂಟೆ ಕಟ್ಟಿಸುತ್ತಿದ್ದರು. ಪ್ರತಿಷ್ಠಾನ ಕೊಡಗಿಗೆ 25 ಕೋಟಿ ರೂಪಾಯಿ ಘೋಷಿಸಿತು. ಜಂಬೂರಿನಲ್ಲಿ ಮನೆ ಕಟ್ಟಿಸುವ ಕೆಲಸಕ್ಕೂ ಕೈ ಹಾಕಿತು.

ಯಾರೀಕೆ? ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ ಹೆಣ್ಣುಮಗಳು. ಹೆಂಗಸರಿಗೆ ಕೆಲಸವಿಲ್ಲ ಎಂದ ಟೆಲ್ಕೋ ಜಾಹೀರಾತು ನೋಡಿ ಜೆ.ಆರ್.ಡಿ. ಟಾಟಾರಿಗೇ ಕಾರ್ಡು ಬರೆದು ಕೆಲಸ ಗಿಟ್ಟಿಸಿದವರು. ಕನ್ನಡದಲ್ಲಿ ಕಾದಂಬರಿ ಬರೆದವರು. 1996ರಿಂದ 2021ರ ಕೊನೆಯವರೆಗೆ, 25 ವರ್ಷ, ಪ್ರತಿಷ್ಠಾನದ ಕೆಲಸ. ಶಾಲೆಗಳಿಗೆ ಪುಸ್ತಕ, ಆಸ್ಪತ್ರೆಗಳಿಗೆ ಕಟ್ಟಡ, ನೆರೆ ಬಂದ ಊರುಗಳಲ್ಲಿ ಮನೆ. ಕಂಪನಿಯ ವ್ಯವಹಾರ ಇಂಗ್ಲಿಷಿನದಾದರೂ ಸಂಕಟದಲ್ಲಿದ್ದವರನ್ನು ಆಕೆ ಮಾತಾಡಿಸಿದ್ದು ಕನ್ನಡದಲ್ಲಿ. ಇದಕ್ಕೆ ಕೈ ಮುಗಿಯೋಣ.

ಆದರೆ ಗೆಳೆಯರೇ, ಕೈ ಮುಗಿದು ಸುಮ್ಮನಾಗಬಾರದು!

ಮನೆ ಕಳೆದುಕೊಂಡವರಿಗೆ ಮನೆ ಕೊಡುವುದು ಸರ್ಕಾರದ ಕರ್ತವ್ಯ, ಯಾರದೋ ಔದಾರ್ಯವಲ್ಲ. ಮದೆನಾಡು, ಜಂಬೂರಿನ 463 ಮನೆಗಳನ್ನು ಸರ್ಕಾರ ಹಂಚಿದ್ದು 2020ರ ಜೂನ್‌ನಲ್ಲಿ. ಆ ಹೊತ್ತಿಗೆ ಎರಡು ಮಳೆಗಾಲ ಕಳೆದು ಮೂರನೆಯದು ಕಾಲಿಡುತ್ತಿತ್ತು. ದಾನಿಗಳು ಇದ್ದಾರೆಂದು ಸರ್ಕಾರ ನಿದ್ದೆ ಮಾಡಿದರೆ ಅದನ್ನು ಎಬ್ಬಿಸುವವರು ಯಾರು?

ಇನ್ನೊಂದು ಮಾತು. ಸುಧಾ ಮೂರ್ತಿ ಈ ಕೆಲಸ ಶುರು ಮಾಡಿದಾಗ ಯಾವ ಕಾನೂನಿನ ಒತ್ತಾಯವೂ ಇರಲಿಲ್ಲ. ಈಗ ಇದೆ. 2013ರ ಕಂಪನಿ ಕಾಯ್ದೆ 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳಿಗೆ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲು ಹೇಳಿದೆ. ಕಂಪನಿ ಇರುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದೂ ಹೇಳಿದೆ. ಹಾಗಾದರೆ ಕೇಳೋಣ: ಬೆಂಗಳೂರಿನ ಕಂಪನಿಗೆ ಯಾವುದು ಸ್ಥಳೀಯ? ಆಫೀಸಿನ ಗೇಟಿನ ಮುಂದಿನ ಫುಟ್‌ಪಾತ್ ಮಾತ್ರವೇ? ಅದರ ಕ್ಯಾಂಟೀನಿಗೆ ನೀರು ಕೊಡುವ ಕೊಡಗು ಪರಸ್ಥಳವೇ?

ನೀವು ದುಡಿಯುವ ಕಂಪನಿಯಲ್ಲೇ ಈ ಪ್ರಶ್ನೆ ಎತ್ತಿ. ಎರಡು ಪರ್ಸೆಂಟಿನಲ್ಲಿ ಕೊಡಗಿಗೆ ಎಷ್ಟು ಹೋಯಿತು ಎಂದು ಕೇಳಿ. ಖರ್ಚಿನ ಲೆಕ್ಕ ಇಂಗ್ಲಿಷ್ ವರದಿಯಲ್ಲಿ ಮುಚ್ಚಿಹೋಗುವುದು ಬೇಡ. ಯಾರ ಹೆಸರಿನಲ್ಲಿ ಹಣ ಖರ್ಚಾಯಿತೋ ಅವರ ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ ಎಂದು ಪಟ್ಟು ಹಿಡಿಯಿರಿ. ದಾನ ಪಡೆದವನಿಗೂ ಲೆಕ್ಕ ಕೇಳುವ ಹಕ್ಕಿದೆ, ತನ್ನ ಭಾಷೆಯಲ್ಲಿ ಕೇಳುವ ಹಕ್ಕಿದೆ.

ಒಬ್ಬ ಸುಧಾ ಮೂರ್ತಿಯನ್ನು ಹೊಗಳುವುದು ಸುಲಭ. ನಾವು ಒಂದು ಪ್ರಶ್ನೆ ಕೇಳುವುದು ಕಷ್ಟ. ಮುಂದಿನ ಶನಿವಾರ ಮಡಿಕೇರಿಗೆ ಹೊರಡುವ ಮುನ್ನ ಆ ಕಷ್ಟದ ಕೆಲಸ ಮಾಡಿ ಹೊರಡೋಣ!